ಭಂಗಾರವೋ, ಬಂಗಾರವೋ?

ಗುಜರಾತಿಗೆ ಹೊಸದಾಗಿ ಬಂದ ಕನ್ನಡದವರಿಗೆಲ್ಲ ಆಗುವ ಒಂದು ತಮಾಷೆ ಇದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಕೈಗಾಡಿ ತಳ್ಳಿಕೊಂಡು ಬರುತ್ತಾನೆ, "ಪಸ್ತೀ... ಭಂಗಾರ್..." ಅಂತ ಕೂಗುತ್ತಾ. ಬಂಗಾರದ ವ್ಯಾಪಾರಿ ಹೀಗೆ ಹರಕು ಚಪ್ಪಲಿ ಹಾಕಿಕೊಂಡು ಬೀದಿ ಬೀದಿ ಯಾಕೆ ಅಲೀತಾನೆ ಅಂತ ನಾನೂ ಮೊದಲ ವಾರ ತಲೆ ಕೆರೆದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇಲ್ಲಿ ಭಂಗಾರ್ ಅಂದರೆ ನಮ್ಮ ಗುಜರಿ ಸಾಮಾನು. ಅದಕ್ಕಿಂತ ಮಜಾ ಏನೆಂದರೆ, ಅಹಮದಾಬಾದಿನಲ್ಲಿ 'ಗುಜರಿ' ಅಂದರೆ ಸಾಬರಮತಿ ದಂಡೆಯಲ್ಲಿ ನಡೆಯುವ ಭಾನುವಾರದ ಸಂತೆ!

ಈ ಎರಡು ಪದಗಳ ಮಧ್ಯೆ ನಾನು ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದೆ. ಕಾರಣ, ಅಪ್ಪನ ಜಾವಾ.

ಮೈಸೂರಿನಿಂದ ಅಣ್ಣ ಫೋನ್ ಮಾಡಿದ್ದ. "ನೋಡೋ, ಹಿತ್ತಿಲ ಶೆಡ್ ಕೆಡವ್ತಾ ಇದೀವಿ. ಅಪ್ಪನ ಗಾಡಿ ನೀನು ತಗೊಂಡು ಹೋಗ್ತೀಯಾ, ಇಲ್ಲಾ ಗುಜರಿಗೆ ಹಾಕ್ಲಾ?" ಗಾಡಿ 1969ರದ್ದು. ಕೊನೆಯ ಸಲ ಓಡಿದ್ದು 1998ರಲ್ಲಿ ಇರಬೇಕು. ಆಮೇಲೆ ಅಪ್ಪನ ಮಂಡಿ ನೋವು, ಅಪ್ಪ ಹೋದದ್ದು, ಮನೆ ಪಾಲು... ಪಾಲಾಗುವಾಗ ಪಾತ್ರೆ ಪಡಗವನ್ನೆಲ್ಲ ಲೆಕ್ಕ ಹಾಕಿದ ನಾವು ಈ ಗಾಡಿಯ ಹೆಸರೇ ಎತ್ತಿರಲಿಲ್ಲ. ಅದು ಯಾರಿಗೂ ಬೇಕಿರಲಿಲ್ಲ, ಬಿಸಾಕುವ ಧೈರ್ಯವೂ ಯಾರಿಗೂ ಇರಲಿಲ್ಲ. ಹಾಗಾಗಿ ಅದರ ಮೇಲೆ ಗೋಣಿಚೀಲ, ಚೀಲದ ಮೇಲೆ ತೆಂಗಿನ ಗರಿ, ಗರಿಯ ಮೇಲೆ ಬೆಕ್ಕು. ಇಪ್ಪತ್ತೆರಡು ವರ್ಷ ಹಾಗೇ ನಿಂತಿತ್ತು. ಪ್ರತಿ ರಜಕ್ಕೆ ಊರಿಗೆ ಹೋದಾಗಲೂ ನಾನು ಗೋಣಿ ಎತ್ತಿ ನೋಡಿ, "ಮುಂದಿನ ಸಲ ಬಂದಾಗ ರೆಡಿ ಮಾಡಿಸಬೇಕು" ಅಂತ ಹೇಳಿ, ಮೈಸೂರ್ ಪಾಕ್ ಕಟ್ಟಿಸಿಕೊಂಡು ರೈಲು ಹತ್ತುತ್ತಿದ್ದೆ. ನಿಮಗೂ ಇಂಥದ್ದೊಂದು 'ಮುಂದಿನ ಸಲ' ಇರಬಹುದು.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹಳೇ ಗಾಡಿಯನ್ನು ಇಟ್ಟುಕೊಳ್ಳುವುದು ಅಂದರೆ ಅದನ್ನು ಓಡಿಸುವುದು. ಓಡಿಸಲು ಆಗದಿದ್ದರೆ ಓಡಿಸುವವರ ಕೈಗೆ ಕೊಟ್ಟುಬಿಡಬೇಕು. 'ನೆನಪಿಗೆ' ಅಂತ ಹೇಳಿ ಮೂಲೆಯಲ್ಲಿ ನಿಲ್ಲಿಸುವುದು ಭಂಗಾರಕ್ಕೆ ಹಾಕುವುದಕ್ಕಿಂತ ಕಡೆ. ಭಂಗಾರದವನು ಕಬ್ಬಿಣವನ್ನಾದರೂ ಉಪಯೋಗಿಸುತ್ತಾನೆ.

ಜಾವಾ ಎಂದರೆ ಮೈಸೂರಿನವರಿಗೆ ಬರೀ ಗಾಡಿಯಲ್ಲ ಅನ್ನುವುದು ನಿಜ. ಜೆಕ್ ದೇಶದ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ಮಾಡುವ ಹಕ್ಕು ಕೊಂಡು 1929ರಲ್ಲಿ ಶುರು ಮಾಡಿದ್ದರಿಂದ, ಎರಡೂ ಹೆಸರಿನ ಮೊದಲಕ್ಷರ ಸೇರಿ 'ಜಾವಾ' ಆಯಿತು. ರುಸ್ತುಂ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು 'ಯೆಜ್ಡಿ' ಆಯಿತು. ಇರಾನಿನ ಯಜ್ದ್ ಊರಿನ ಹೆಸರಿಂದ ಬಂದದ್ದು ಅನ್ನುತ್ತಾರೆ. ಪಾರ್ಸಿಗಳು ಇರಾನ್ ಬಿಟ್ಟು ಬಂದು ಇಳಿದದ್ದು ದಕ್ಷಿಣ ಗುಜರಾತಿನ ಸಂಜಾಣದಲ್ಲಿ ಎಂದು ಇಲ್ಲಿಯವರು ಹೇಳುವುದನ್ನು ಕೇಳಿದಾಗೆಲ್ಲ, ನಮ್ಮ ಮೈಸೂರಿನ ಗಾಡಿಗೆ ಈ ಕಡೆಯ ನಂಟು ಹಳೇದೇ ಅಂತ ನನಗೆ ಅನ್ನಿಸುತ್ತದೆ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದವು. ಆದರೆ ಅವು ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಮೈಸೂರಿಗೆ ಬರಲಿಲ್ಲ.

ಇರಲಿ, ನನ್ನ ಕಥೆಗೆ ಬರುತ್ತೇನೆ.

ಗಾಡಿ ಬೆಂಗಳೂರಿನಿಂದ ರೈಲಿನ ಪಾರ್ಸಲ್‌ನಲ್ಲಿ ಬರೋಡಾಗೆ ಬಂತು. (ಸರ್ಕಾರದ ಪ್ರಕಾರ ವಡೋದರಾ. ಮೂವತ್ತೈದು ವರ್ಷ ಇಲ್ಲೇ ಇದ್ದ ನನ್ನ ಬಾಯಲ್ಲಿ ಅದು ಬರೋಡಾನೇ.) ಪ್ಲಾಟ್‌ಫಾರ್ಮಿನಲ್ಲಿ ಗೋಣಿ ಬಿಚ್ಚಿದಾಗ ಹೆಂಡತಿ ಒಂದು ಮಾತು ಕೇಳಿದಳು, "ರೀ, ಇದಕ್ಕೆ ಪಾರ್ಸಲ್ ಚಾರ್ಜ್ ಬೇರೆ ಕೊಟ್ರಾ?" ಕೀ ಎಲ್ಲೋ ಕಳೆದುಹೋಗಿತ್ತು. ಅದೊಂದು ಚಿಂತೆಯಾಗಲಿಲ್ಲ. ಹಳೇ ಜಾವಾ ಓಡಿಸಿದವರಿಗೆ ಗೊತ್ತು, ಅದರ ಕೀ ಅಂದರೆ ಒಂದು ಕಡ್ಡಿ. ಮೊಳೆ ಚುಚ್ಚಿದರೂ ಆನ್ ಆಗುತ್ತಿತ್ತು :-)

ಮನೆಗೆ ತಂದ ದಿನವೇ ನಾನು ಮೊದಲ ತಪ್ಪು ಮಾಡಲು ಹೊರಟೆ. ಒಂದು ಲೀಟರ್ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ, ಗೇರ್ ಕಡ್ಡಿಯನ್ನೇ ಒತ್ತಿ ಮೇಲೆತ್ತಿ ಕಿಕ್ಕರ್ ಮಾಡಿಕೊಂಡು (ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಕಡ್ಡಿ) ಒದೆಯಲು ನಿಂತೆ. ಅದು ಅಲ್ಲಾಡಲಿಲ್ಲ. ಅಲ್ಲಾಡದಿದ್ದದ್ದೇ ನನ್ನ ಪುಣ್ಯ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಬಲವಂತ ಮಾಡಿದ್ದರೆ ರಿಂಗು ಮುರಿದು ಒಳಗೆಲ್ಲ ಗೀರು ಬೀಳುತ್ತಿತ್ತು.

ಮಾರನೇ ದಿನ ಪೇಟೆಯ ಒಳಗೆ, ಮಾಂಡವಿ ಹತ್ತಿರದ ಒಬ್ಬ ಮಿಸ್ತ್ರಿಯ ಬಳಿ ಹೋದೆ. ಎಪ್ಪತ್ತು ದಾಟಿದವರು. ಎಲ್ಲರೂ ಅವರನ್ನು ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅಂಗಡಿ ಅಂದರೆ ಎಂಟಡಿ ಅಗಲದ ಗೂಡು, ಮುಂದೆ ಫುಟ್‌ಪಾತು. ಕಾಕಾ ಗಾಡಿಯನ್ನು ಒಂದು ಸುತ್ತು ನೋಡಿ, "ಉತಾವಳ ನಹೀಂ ಕರ್ವಾನಿ, ಸಾಹೇಬ್" ಅಂದರು. ಆತುರ ಮಾಡಬಾರದು ಅಂತ. ನಮ್ಮ ಧಾರವಾಡದ ಕಡೆಯವರ 'ಉತಾವಳಿ'ಯೇ ಇದು ಅಂತ ನನಗೆ ತಟ್ಟನೆ ಹೊಳೆಯಿತು.

ಮೊದಲು ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಎಣ್ಣೆ ಬಿಟ್ಟರು. ಹತ್ತು ದಿನ ಹಾಗೇ ಬಿಟ್ಟುಬಿಟ್ಟರು. ನಾನು ದಿನಾ ಹೋಗಿ ನೋಡುವುದು, ಅವರು ದಿನಾ ನಗುವುದು. ಹನ್ನೊಂದನೇ ದಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿದರು. ಕೂದಲೆಳೆಯಷ್ಟು ಸರಿಯಿತು. ಸಂಜೆಗೆ ಪೂರ್ತಿ ಬಿಟ್ಟುಕೊಂಡಿತು. ಆಮೇಲೆ ಟ್ಯಾಂಕು. ಒಳಗೆ ತುಕ್ಕು ಚಕ್ಕೆ ಚಕ್ಕೆಯಾಗಿತ್ತು. ಸಣ್ಣ ನಟ್ಟು ಬೋಲ್ಟುಗಳನ್ನು ಒಳಗೆ ಹಾಕಿ ಕುಲುಕಿ ಕುಲುಕಿ ತೊಳೆದರು. ಕಾರ್ಬುರೇಟರಿನಲ್ಲಿ ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಪಾಯಿಂಟು, ಕಂಡೆನ್ಸರ್, 6 ವೋಲ್ಟಿನ ಬ್ಯಾಟರಿ, ಕೇಬಲ್ಲುಗಳು, ಬ್ರೇಕ್ ಶೂ, ಟೈರು ಎಲ್ಲ ಹೊಸದು. ಟೈರಿನಲ್ಲಿ ಗಾಳಿ ನಿಂತರೂ ನಂಬಬೇಡಿ, ಇಷ್ಟು ವರ್ಷದ ರಬ್ಬರು ಓಡುವಾಗ ಒಡೆಯುತ್ತದೆ ಅಂದರು.

ಇಂಥ ಕೆಲಸಕ್ಕೆ ಇಳಿಯುವವರು ನೆನಪಿಡಬೇಕಾದ ಒಂದು ಮಾತಿದೆ. ಟೂ ಸ್ಟ್ರೋಕ್ ಗಾಡಿ ಬಹಳ ವರ್ಷ ನಿಂತರೆ ಮೊದಲು ಸಾಯುವುದು ಕ್ರ್ಯಾಂಕಿನ ಎರಡು ಪಕ್ಕದ ಆಯಿಲ್ ಸೀಲುಗಳು. ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಒಂದು ಕಡೆಯ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ಲನ್ನು ಇಂಜಿನ್ ಕುಡಿದು ಬೀದಿ ತುಂಬ ಬಿಳಿ ಹೊಗೆ ಬಿಡುತ್ತದೆ. ಇನ್ನೊಂದು ಕಡೆಯದು ಹೋದರೆ ಗಾಳಿ ಎಳೆದುಕೊಂಡು, ಪೆಟ್ರೋಲ್ ಸಾಲದೆ ಕಾದು, ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ. ಸೀಲಿನ ಬೆಲೆ ಕಡಿಮೆ. ಆದರೆ ಅದನ್ನು ಹಾಕಲು ಇಂಜಿನ್ ಪೂರ್ತಿ ಇಳಿಸಿ ಎರಡು ಹೋಳು ಮಾಡಬೇಕು. ಅದಕ್ಕೇ ಅನೇಕರು ಅದನ್ನು ಬಿಟ್ಟು ಮೇಲಿನ ಬಣ್ಣಕ್ಕೆ ದುಡ್ಡು ಹಾಕುತ್ತಾರೆ.

ಬಣ್ಣ ಅಂದಕೂಡಲೇ ಸೂರತ್ತಿನ ಗೆಳೆಯರ ವಿಷಯ ಹೇಳಬೇಕು. ಉಡುಪಿ ಕಡೆಯವರು, ಅಲ್ಲಿ ಹೋಟೆಲ್ ನಡೆಸುತ್ತಾರೆ. ಅವರ ಹತ್ತಿರವೂ ಒಂದು ಹಳೇ ಯೆಜ್ಡಿ ಇದೆ, ಅವರ ಮಾವನದ್ದು. ಅವರು ಅದನ್ನು ಪೂರ್ತಿ ಉಜ್ಜಿಸಿ, ಹೊಸ ಕ್ರೋಮು, ಕನ್ನಡಿಯಂಥ ಕೆಂಪು ಬಣ್ಣ, ಟ್ಯಾಂಕಿನ ಮೇಲೆ ಚಿನ್ನದ ಗೆರೆ ಎಲ್ಲ ಹಾಕಿಸಿ ಹೋಟೆಲಿನ ಗಲ್ಲಾದ ಪಕ್ಕ ನಿಲ್ಲಿಸಿದ್ದಾರೆ. ಗಿರಾಕಿಗಳು ಫೋಟೋ ತೆಗೆದುಕೊಳ್ಳುತ್ತಾರೆ. 2023ರ ಜನವರಿಯಲ್ಲಿ ನಮ್ಮೂರ ಲಕ್ಷ್ಮೀ ವಿಲಾಸ ಅರಮನೆಯ ಅಂಗಳದಲ್ಲಿ ಹಳೇ ಕಾರುಗಳ ದೊಡ್ಡ ಮೇಳವಾದಾಗ ಅವರು ಬಂದಿದ್ದರು. ಅಲ್ಲಿಂದ ನಮ್ಮ ಮನೆಗೆ ಬಂದು ನನ್ನ ಜಾವಾ ನೋಡಿ, "ಎಂಥ ಮಾರಾಯ್ರೆ, ಇಷ್ಟು ಖರ್ಚು ಮಾಡಿ ಬಣ್ಣ ಹಾಕ್ಸದಿದ್ರೆ ಹೇಗೆ?" ಅಂದರು. "ನಿಮ್ಮದು ಸ್ಟಾರ್ಟ್ ಆಗುತ್ತಾ?" ಅಂತ ಕೇಳಿದೆ. "ಇಂಜಿನ್ ಮುಟ್ಟಲೇ ಇಲ್ಲ. ಓಡಿಸುವವರು ಯಾರು?" ಅಂದರು.

ಅವರ ಮಾತಿನಲ್ಲೂ ನ್ಯಾಯ ಇದೆ. ಅವರ ಹೆಂಡತಿಗೆ ಅದನ್ನು ನೋಡಿದಾಗ ಅಪ್ಪನ ನೆನಪಾಗುತ್ತದೆ, ಅಷ್ಟು ಸಾಕು ಅಂತಾರೆ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಅವರ ಮಾವ ಆ ಗಾಡಿಯ ಟ್ಯಾಂಕಿಗೆ ಮೂವತ್ತು ವರ್ಷ ಮಂಡಿ ಒತ್ತಿ ಒತ್ತಿ ಬಣ್ಣ ಸವೆಸಿದ್ದರು. ಆ ಸವೆದ ಜಾಗ ಈಗಿಲ್ಲ. ನನ್ನ ಗಾಡಿಯಲ್ಲಿ ಅದು ಇದೆ. ತುಕ್ಕು ಹಬ್ಬದಂತೆ ಕಾಕಾ ಅದರ ಮೇಲೆ ಬರೀ ಎಣ್ಣೆ ಒರೆಸಿದ್ದಾರೆ. ಹೊರಗೆ ಹಳೇದು ಹಾಗೇ ಇರಲಿ, ಒಳಗೆ ಓಡಲು ಬೇಕಾದದ್ದೆಲ್ಲ ಹೊಸದಾಗಲಿ. ಬಹಳಷ್ಟು ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಈ ಬುದ್ಧಿ ನನಗೆ ಬಂದದ್ದು ಗುಜರಾತಿನಿಂದಲೇ. ಅಲಂಗದಲ್ಲಿ 1983ರಿಂದ ಹಡಗುಗಳನ್ನೇ ಒಡೆದು ಕಬ್ಬಿಣ ಮಾಡುವ ರಾಜ್ಯ ಇದು. 2021ರ ಆಗಸ್ಟಿನಲ್ಲಿ ದೇಶದ ಹಳೇ ವಾಹನ ಒಡೆಯುವ ನೀತಿ ಜಾರಿಯಾದದ್ದೂ ಗಾಂಧಿನಗರದ ಸಮಾವೇಶದಲ್ಲೇ. ಆದರೆ ಒಡೆಯುವಷ್ಟೇ ಚೆನ್ನಾಗಿ ಇಲ್ಲಿಯವರಿಗೆ ಬದುಕಿಸುವುದೂ ಗೊತ್ತು. ಸೌರಾಷ್ಟ್ರದ ಕಡೆ ಹೋದರೆ ಮುಂದೆ ಮೋಟಾರ್‌ಸೈಕಲ್ಲು, ಹಿಂದೆ ಗಾಡಿ ಇರುವ ಛಕಡೋ ನೋಡಿರುತ್ತೀರಿ. ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾಣಿ ಎಂಬ ರೈತರು 1994ರಲ್ಲಿ ಬುಲೆಟ್ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ತೆಗೆದು, ಅಲ್ಲಿ ಕುಂಟೆ ಕಟ್ಟಿ ಹೊಲ ಉತ್ತರು. ಎತ್ತು ಸಾಕಲಾಗದ, ಟ್ರ್ಯಾಕ್ಟರ್ ಕೊಳ್ಳಲಾಗದ ಸಣ್ಣ ರೈತರಿಗೆ ಅದು 'ಬುಲೆಟ್ ಸಾಂತಿ' ಆಯಿತು. ನಾನು ಅಪ್ಪನ ಗಾಡಿಗೆ ಕುಂಟೆ ಕಟ್ಟಬೇಕು ಅನ್ನುತ್ತಿಲ್ಲ. ಯಂತ್ರಕ್ಕೆ ಮರ್ಯಾದೆ ಕೊಡುವುದು ಅಂದರೆ ಅದಕ್ಕೆ ಕೆಲಸ ಕೊಡುವುದು ಅಂತ ಈ ಜನ ತಿಳಿದಿದ್ದಾರೆ. ನಾವು ಅರಿಶಿನ ಕುಂಕುಮ ಹಚ್ಚಿ ಕೂರಿಸುತ್ತೇವೆ.

ಬಿಡಿ ಭಾಗಕ್ಕೆ ಮಾತ್ರ ಅಲೆದಾಟ ಆಯಿತು. ಕೆಲವು ಬೆಂಗಳೂರಿನಿಂದ ತರಿಸಿದೆ. ಹೆಡ್‌ಲೈಟಿನ ರಿಂಗು, ಟೂಲ್ ಬಾಕ್ಸಿನ ಮುಚ್ಚಳ ಎಲ್ಲೂ ಸಿಗಲಿಲ್ಲ. ಕಾಕಾ ಅಹಮದಾಬಾದಿನ ಗುಜರಿಗೆ ಹೋಗಿ ಅಂದರು. ಎಲ್ಲಿಸ್ ಬ್ರಿಡ್ಜಿನ ಹತ್ತಿರ, ನದಿ ದಂಡೆಯಲ್ಲಿ ಅದು ನಡೆಯುತ್ತದೆ. ಅಹಮದ್ ಶಾಹನ ಕಾಲದ್ದು ಅಂತಾರೆ, ಅಂದರೆ ಆರುನೂರು ವರ್ಷ. ರಿವರ್‌ಫ್ರಂಟ್ ಆದಮೇಲೆ 2014ರಲ್ಲಿ ಕಟ್ಟೆ, ನೆರಳು ಎಲ್ಲ ಮಾಡಿಕೊಟ್ಟಿದ್ದಾರೆ. ಮೂರು ಭಾನುವಾರ ಬೆಳಗಿನ ಜಾವದ ರೈಲು ಹಿಡಿದು ಹೋದೆ. ಮೂರನೇ ಸಲ, ಹಳೇ ಫ್ಯಾನು ಹೊಲಿಗೆ ಮಿಷನ್ನುಗಳ ರಾಶಿಯ ಅಡಿಯಲ್ಲಿ ರಿಂಗು ಸಿಕ್ಕಿತು. ಮಾರುವವನಿಗೆ ಅದು ಯಾವ ಗಾಡಿಯದು ಅಂತ ಗೊತ್ತಿರಲಿಲ್ಲ. ನಾನು ಹಿಡಿದುಕೊಂಡ ರೀತಿ ನೋಡಿ ಬೆಲೆ ಮೂರು ಪಟ್ಟು ಮಾಡಿದ. ಕೊಟ್ಟೆ! ಮುಚ್ಚಳ ಸಿಗಲಿಲ್ಲ, ಕಾಕಾ ತಗಡು ಬಡಿದು ಮಾಡಿಕೊಟ್ಟರು.

ಇದಕ್ಕಿಂತ ಕಷ್ಟದ್ದು ಕಾಗದ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಗಾಡಿಯನ್ನು ಊರಿಂದ ಸಾಗಿಸುವ ಮೊದಲೇ ಕಾಗದ ಸರಿ ಮಾಡಿಸಬೇಕಿತ್ತು. ಅಪ್ಪ ಹೋಗಿ ಅಷ್ಟು ವರ್ಷವಾದರೂ ಆರ್.ಸಿ.ಯಲ್ಲಿ ಅವರ ಹೆಸರೇ ಇತ್ತು. ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು, ಅದಕ್ಕೆ ಮೊದಲು ಊರಿನ ಕಛೇರಿಯಿಂದ ನಿರಾಕ್ಷೇಪಣಾ ಪತ್ರ. 2021ರಿಂದ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 'ವಿಂಟೇಜ್' ನೋಂದಣಿ ಅಂತ ಬೇರೆ ದಾರಿಯೂ ಇದೆ. ಆದರೆ ಅದು ಪ್ರದರ್ಶನ, ರ‍್ಯಾಲಿಗಳಿಗೆ. ದಿನದ ಓಡಾಟಕ್ಕೆ ಅಲ್ಲ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಬೇರೆ. ನನಗೆ ತರಕಾರಿ ತರಲು ಹೋಗುವ ಗಾಡಿ ಬೇಕು.

ವಾರಸುದಾರಿಕೆ ಅಂದಮೇಲೆ ಅಣ್ಣ, ಅಕ್ಕ ಇಬ್ಬರ ಸಹಿಯೂ ಬೇಕಾಯಿತು. ಮನೆ ಪಾಲಾದಾಗಿನಿಂದ ಅಣ್ಣನಿಗೂ ನನಗೂ ಹಬ್ಬಕ್ಕೊಂದು ಫೋನು ಅಷ್ಟೇ. ಸಹಿ ಕೇಳಲು ನನಗೆ ನಾಚಿಕೆ. ಅಕ್ಕನ ಮೂಲಕ ಹೇಳಿಸಿದೆ. ಅವನೇ ಫೋನ್ ಮಾಡಿ, "ಸಹಿ ಅಷ್ಟೇ ತಾನೇ? ಅದಕ್ಯಾಕೆ ಅಕ್ಕನ ಹತ್ರ ಹೇಳಿಸ್ತೀಯೋ?" ಅಂತ ಬೈದ. ಆಮೇಲೆ ಅವನೇ ನಾಲ್ಕು ಸಲ ಕಛೇರಿಗೆ ಓಡಾಡಿದ. ಪ್ರತಿ ಸಲ ಓಡಾಡಿದ ಮೇಲೂ ನನಗೊಂದು ಫೋನು. ಕೆಲಸ ಆಗಲಿಲ್ಲ ಅಂತ ಹೇಳಲು ಅರ್ಧ ಗಂಟೆ ಮಾತಾಡುತ್ತಿದ್ದ. ಆ ನಾಲ್ಕು ಫೋನುಗಳಲ್ಲಿ ಆದಷ್ಟು ಮಾತು ಹಿಂದಿನ ಹತ್ತು ವರ್ಷದಲ್ಲಿ ಆಗಿರಲಿಲ್ಲ.

ಟೂ ಸ್ಟ್ರೋಕ್ ಗಾಡಿ ಹೊಗೆ ಉಗುಳುತ್ತದೆ, ಪರಿಸರಕ್ಕೆ ಕೇಡು, ಇಂಥದ್ದನ್ನು ಯಾಕೆ ಮತ್ತೆ ರಸ್ತೆಗೆ ತರುತ್ತೀರಿ ಅಂತ ನನ್ನ ಮಗಳೇ ಕೇಳಿದ್ದಾಳೆ. ಕೇಳಬೇಕಾದ ಪ್ರಶ್ನೆಯೇ. ಸುಡದ ಪೆಟ್ರೋಲ್ ಹೊಗೆಯ ಜೊತೆ ಹೊರಗೆ ಹೋಗುವುದು ಈ ಇಂಜಿನ್ನಿನ ಹುಟ್ಟುಗುಣ. ದಿನಾ ಆಫೀಸಿಗೆ ಇದರಲ್ಲೇ ಹೋಗುತ್ತೇನೆ ಅಂದರೆ ನಾನೂ ಬೇಡ ಅನ್ನುತ್ತೇನೆ. ವಾರಕ್ಕೆ ನಾಲ್ಕು ಕಿಲೋಮೀಟರ್ ಓಡುವ, ಸೀಲು ಸರಿಯಿರುವ, ಲೀಟರಿಗೆ 40 ಮಿಲಿ ಆಯಿಲ್ ಅಳೆದು ಹಾಕುವ ಗಾಡಿಗೆ ಅಷ್ಟು ರಿಯಾಯಿತಿ ಇರಲಿ ಅಂತ ನನ್ನ ವಾದ. ಮಗಳು ಪೂರ್ತಿ ಒಪ್ಪಿಲ್ಲ. ಅದಲ್ಲದೆ ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರು ಪೈಪುಗಳನ್ನು ತಿನ್ನುತ್ತದೆ. ಹಾಗಾಗಿ ಹಳೇ ಗಾಡಿ ಈಗ ನಿಂತಷ್ಟೂ ಹೆಚ್ಚು ಕೆಡುತ್ತದೆ. ನಿಲ್ಲಿಸುವ ಮೊದಲು ನಲ್ಲಿ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ ಅಂತ ಕಾಕಾ ಹೇಳಿಕೊಟ್ಟಿದ್ದಾರೆ.

ಈಗ ನನಗೆ ನಿಜವಾಗಿ ಚಿಂತೆಯಿರುವುದು ಕಾಕಾರ ಬಗ್ಗೆಯೇ. ಕಬ್ಬಿಣ ಇನ್ನೂ ಇಪ್ಪತ್ತು ವರ್ಷ ಕಾಯುತ್ತದೆ, ಅದರ ಕೆಲಸ ಬಲ್ಲ ಕೈಗಳು ಕಾಯುವುದಿಲ್ಲ. ಪಾಯಿಂಟಿನ ಸಂದನ್ನು ಅವರು ಸಿಗರೇಟ್ ಪ್ಯಾಕಿನ ಕಾಗದದಲ್ಲಿ ಅಳೆಯುತ್ತಾರೆ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಈಚೆಗೆ ಅವರ ಕೈ ಸ್ವಲ್ಪ ನಡುಗುತ್ತದೆ, ಇಂಜಿನ್ ಹೋಳು ಮಾಡುವಾಗ ನಾನೇ ಒಂದು ಕಡೆ ಹಿಡಿದುಕೊಂಡಿದ್ದೆ. ನಾನು ಇನ್ನೈದು 'ಮುಂದಿನ ಸಲ' ಹೇಳಿದ್ದರೆ ಗಾಡಿ ಇರುತ್ತಿತ್ತು, ಮಾಡುವವರು ಇರುತ್ತಿರಲಿಲ್ಲ. ಮೈಸೂರಿನಲ್ಲೂ ಅಷ್ಟೇ, ಆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರಿಗೆಲ್ಲ ಈಗ ವಯಸ್ಸಾಗಿದೆ. ಅದಕ್ಕೇ ಹೇಳುತ್ತೇನೆ, ಮಾಡಿಸುವುದಾದರೆ ಈ ವರ್ಷ ಮಾಡಿಸಿ. ಆಗದಿದ್ದರೆ ಮಾಡಿಸುವ ಹುಡುಗರಿಗೆ ಕೊಡಿ. ಜುಲೈ ತಿಂಗಳ ಎರಡನೇ ಭಾನುವಾರ ಊರೂರುಗಳಲ್ಲಿ ಜಾವಾ-ಯೆಜ್ಡಿ ದಿನ ಅಂತ ಸೇರುತ್ತಾರೆ, ಅಲ್ಲಿ ಹೋಗಿ ವಿಚಾರಿಸಿ. ದುಡ್ಡು ನೋಡಬೇಡಿ, ಓಡಿಸುತ್ತಾರಾ ಅಂತ ನೋಡಿ.

ಗಾಡಿ ಸ್ಟಾರ್ಟ್ ಆದದ್ದು ಒಂದು ಗುರುವಾರ ಸಂಜೆ, ಹದಿನಾರನೇ ಒದೆತಕ್ಕೆ. ಫುಟ್‌ಪಾತಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ನಾನು ಅಣ್ಣನಿಗೆ ಫೋನ್ ಹಚ್ಚಿ ಸೈಲೆನ್ಸರಿನ ಹತ್ತಿರ ಹಿಡಿದೆ. ಎರಡು ನಿಮಿಷ ಆ ಕಡೆಯಿಂದ ಮಾತಿಲ್ಲ. ಆಮೇಲೆ ಅಂದ, "ಸ್ಲೋ ಸ್ವಲ್ಪ ಜಾಸ್ತಿ ಇಟ್ಟಿದಾರೆ ಕಣೋ, ಕಮ್ಮಿ ಮಾಡ್ಸು."

ಕಾಗದ ಇನ್ನೂ ಪೂರ್ತಿ ಮುಗಿದಿಲ್ಲ. ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಕಾಂಪೌಂಡಿನ ಒಳಗೇ ಐದು ಸುತ್ತು. ಮೊನ್ನೆ ಹಾಗೆ ಸುತ್ತುವಾಗ ಭಂಗಾರದವನು ಗೇಟಿನಲ್ಲಿ ನಿಂತು ನೋಡುತ್ತಿದ್ದ. ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ. ಕೊಡುವುದಿಲ್ಲಪ್ಪ ಅಂದೆ. "ಓಡುತ್ತಲ್ಲ, ಹಾಗಾದರೆ ನನಗೆ ಬೇಡ" ಅಂತ ಗಾಡಿ ತಳ್ಳಿಕೊಂಡು ಹೋದ.

ನಿಮ್ಮೂರ ಹಿತ್ತಿಲಲ್ಲಿ ಏನು ನಿಂತಿದೆ?